ಕಿವಿ ಯಂತ್ರ ಕೂಗಿದರೆ ಏನು ಮಾಡಬೇಕು?



ನಾವು ಕಿವಿ ಪರೀಕ್ಷೆ ಮಾಡುವವರು. ಕಿವಿ ಸರಿಯಾಗಿ ಕೇಳದ ಮಕ್ಕಳಿಗೆ, ದೊಡ್ಡವರಿಗೆ ಯಂತ್ರ ಹಾಕಿಕೊಡುವುದು ನಮ್ಮ ಕೆಲಸ. ನೀವು ಅದನ್ನು ಕಿವಿ ಮಿಷನ್ ಅಂತೀರಿ. ಪುಸ್ತಕದಲ್ಲಿ ಶ್ರವಣ ಸಾಧನ ಅಂತ ಬರೀತಾರೆ. ಹೆಸರು ಯಾವುದಾದರೂ ಆಗಲಿ, ಅದು ಮಾಡುವ ಕೆಲಸ ಒಂದೇ. ಸುತ್ತಲ ಶಬ್ದವನ್ನು ದೊಡ್ಡದು ಮಾಡಿ ಕಿವಿಯೊಳಗೆ ಕಳಿಸುತ್ತದೆ.

ಈ ಯಂತ್ರ ಹಾಕಿಕೊಂಡವರ ಕಿವಿಯಿಂದ ಕೆಲವು ಸಲ 'ಕುಂಯ್' ಅಂತ ಸಿಳ್ಳೆ ಬರುತ್ತದೆ. ನೀವು ಕೇಳಿರಬಹುದು. ಇವತ್ತು ಆ ಸಿಳ್ಳೆಯ ವಿಷಯ ಮಾತಾಡೋಣ. ಅದು ಯಾಕೆ ಬರುತ್ತೆ? ಬಂದಾಗ ನಾವು ಏನು ಮಾಡಬೇಕು? ಏನು ಮಾಡಬಾರದು?

ಇದೇನು ದೊಡ್ಡ ವಿಷಯ ಅಂತ ನಿಮಗೆ ಅನ್ನಿಸಬಹುದು. ಆದರೆ ಈ ಸಿಳ್ಳೆಯಿಂದಾಗಿ ಎಷ್ಟೋ ಯಂತ್ರಗಳು ಟ್ರಂಕು ಸೇರಿವೆ. ಮಗು ತರಗತಿಯಲ್ಲಿ ಕೂತಿರುತ್ತೆ. ಯಂತ್ರ ಕೂಗುತ್ತೆ. ಪಕ್ಕದ ಮಕ್ಕಳು ನಗ್ತಾರೆ. ಮಗು ಯಂತ್ರ ಕಿತ್ತು ಚೀಲಕ್ಕೆ ಹಾಕುತ್ತೆ. ಮನೆಯಲ್ಲಿ ಅತ್ತೆಯ ಯಂತ್ರ ಕೂಗುತ್ತೆ. "ಅದನ್ನ ತೆಗೆದಿಡಮ್ಮ, ತಲೆ ನೋವು" ಅಂತ ಯಾರೋ ಗದರಿಸ್ತಾರೆ. ಅತ್ತೆ ಮತ್ತೆ ಮೂಲೆ ಸೇರ್ತಾರೆ. ಮಾತೂ ಇಲ್ಲ, ಕತೆಯೂ ಇಲ್ಲ.

ಯಂತ್ರ ಕೆಟ್ಟಿದೆ ಅಂತ ಎಲ್ಲರೂ ತಿಳೀತಾರೆ. ಎಷ್ಟೋ ಸಲ ಯಂತ್ರ ಕೆಟ್ಟೇ ಇರುವುದಿಲ್ಲ. ಕೆಟ್ಟಿರೋದು ಅದರ ಅಚ್ಚು.

ಅಚ್ಚು ಅಂದರೆ ಏನು?

ಕಿವಿಯ ಹಿಂದೆ ಕೂರುವ ಯಂತ್ರವನ್ನು ನೋಡಿದ್ದೀರಾ? ಅದರಲ್ಲಿ ನಾಲ್ಕು ಭಾಗ ಇರುತ್ತೆ. ಕಿವಿಯ ಹಿಂದೆ ಇರುವುದು ಯಂತ್ರ. ಅದರ ತುದಿಯಲ್ಲಿ ಒಂದು ಕೊಕ್ಕೆ. ಕೊಕ್ಕೆಗೆ ಒಂದು ತೆಳ್ಳನೆಯ ಟ್ಯೂಬು. ಆ ಟ್ಯೂಬಿನ ಕೊನೆಗೆ ಕಿವಿಯೊಳಗೆ ಕೂರುವ ಒಂದು ತುಂಡು ಇರುತ್ತೆ. ಅದೇ ಅಚ್ಚು. ಆಸ್ಪತ್ರೆಯಲ್ಲಿ ಇದನ್ನು ಇಯರ್ ಮೋಲ್ಡ್ ಅಂತಾರೆ.

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ರವಿಕೆ ಎಲ್ಲರ ಮೈಗೂ ಹೊಂದುತ್ತಾ? ಇಲ್ಲ. ಟೈಲರ್ ಅಳತೆ ತಗೊಂಡು ಹೊಲಿದರೆ ಸರಿಯಾಗಿ ಕೂರುತ್ತೆ. ಅಚ್ಚು ಕೂಡ ಹಾಗೇ. ನಿಮ್ಮ ಕಿವಿ ನಿಮ್ಮದೇ. ನಿಮ್ಮ ಬಲಗಿವಿಯ ಅಚ್ಚು ನಿಮ್ಮ ಎಡಗಿವಿಗೂ ಆಗುವುದಿಲ್ಲ. ಅದಕ್ಕೇ ಒಂದೊಂದು ಕಿವಿಯ ಅಳತೆ ತೆಗೆದು ಅಚ್ಚು ಮಾಡ್ತಾರೆ.

ಅಳತೆ ತೆಗೆಯುವುದು ಹೇಗೆ ಗೊತ್ತಾ? ಮೊದಲು ಲೈಟು ಬಿಟ್ಟು ಕಿವಿಯೊಳಗೆ ನೋಡ್ತಾರೆ. ಗುಗ್ಗೆ ಇದೆಯಾ, ಕಿವಿ ಸೋರುತ್ತಾ ಅಂತ ಪರೀಕ್ಷೆ ಮಾಡ್ತಾರೆ. ಆಮೇಲೆ ದಾರ ಕಟ್ಟಿದ ಒಂದು ಚಿಕ್ಕ ಹತ್ತಿ ಉಂಡೆ ಒಳಗೆ ಇಡ್ತಾರೆ. ಕಿವಿ ತಮಟೆಗೆ ಏನೂ ತಾಗಬಾರದು ಅಂತ ಈ ಕಾವಲು. ಆಮೇಲೆ ಮೆತ್ತನೆಯ ಹಿಟ್ಟಿನಂಥ ವಸ್ತುವನ್ನು ಕಿವಿಗೆ ತುಂಬುತ್ತಾರೆ. ತಣ್ಣಗೆ ಆಗುತ್ತೆ ಅಷ್ಟೇ, ನೋವಾಗುವುದಿಲ್ಲ. ಸುಮಾರು ಐದು ನಿಮಿಷದಲ್ಲಿ ಅದು ಗಟ್ಟಿಯಾಗುತ್ತೆ. ಮೆಲ್ಲಗೆ ತೆಗೀತಾರೆ. ಅದನ್ನು ನೋಡಿಕೊಂಡು ಅಚ್ಚು ತಯಾರಿಸ್ತಾರೆ.

ಮಗುವಿನ ಅಳತೆ ತೆಗೆಯುವಾಗ ತೊಡೆಯ ಮೇಲೆ ಕೂರಿಸಿಕೊಳ್ಳಿ. ತಲೆ ಅಲುಗದ ಹಾಗೆ ಹಿಡಿಯಿರಿ. ಅಳತೆ ಸರಿ ಬಂದರೆ ಅಚ್ಚೂ ಸರಿ ಬರುತ್ತೆ.

ಸಿಳ್ಳೆ ಯಾಕೆ ಬರುತ್ತೆ?

ಜಾತ್ರೆಯಲ್ಲಿ, ಗಣಪತಿ ಹಬ್ಬದಲ್ಲಿ ಮೈಕು ಹಾಕ್ತಾರೆ. ಒಬ್ಬರು ಮೈಕು ಹಿಡಿದು ಸ್ಪೀಕರ್ ಹತ್ತಿರ ಹೋದರೆ ಏನಾಗುತ್ತೆ? 'ಕುಂಯ್' ಅಂತ ಕಿವಿ ಕಿತ್ತು ಹೋಗುವ ಶಬ್ದ ಬರುತ್ತೆ. ಸ್ಪೀಕರಿನಿಂದ ಬಂದ ದೊಡ್ಡ ಶಬ್ದ ಮತ್ತೆ ಮೈಕಿನೊಳಗೆ ಹೋಗುತ್ತೆ. ಮತ್ತೆ ದೊಡ್ಡದಾಗುತ್ತೆ. ಮತ್ತೆ ಹೊರಗೆ ಬರುತ್ತೆ. ಹೀಗೆ ಸುತ್ತುತ್ತಾ ಸುತ್ತುತ್ತಾ ಸಿಳ್ಳೆಯಾಗುತ್ತೆ.

ಕಿವಿ ಯಂತ್ರದಲ್ಲಿಯೂ ಒಂದು ಪುಟ್ಟ ಮೈಕು ಇದೆ. ಒಂದು ಪುಟ್ಟ ಸ್ಪೀಕರ್ ಇದೆ. ಎರಡೂ ಒಂದೇ ಡಬ್ಬಿಯಲ್ಲಿವೆ. ದೊಡ್ಡದಾದ ಶಬ್ದ ಕಿವಿಯೊಳಗೇ ಉಳಿಯಬೇಕು. ಹೊರಗೆ ಸೋರಿದರೆ ಪಕ್ಕದಲ್ಲೇ ಇರುವ ಮೈಕಿಗೆ ಸೇರುತ್ತೆ. ಆಗ ಸಿಳ್ಳೆ.

ಶಬ್ದ ಸೋರದ ಹಾಗೆ ತಡೆಯುವುದು ಯಾರು? ಅಚ್ಚು. ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ. ಗ್ಯಾಸ್ಕೆಟ್ ಸಡಿಲವಾದರೆ ಪಕ್ಕದಿಂದ ಹಬೆ ಹೋಗುತ್ತೆ. ಬೇಳೆ ಬೇಯುವುದಿಲ್ಲ. ಹಾಗಂತ ಕುಕ್ಕರನ್ನೇ ಬಿಸಾಡ್ತೀವಾ? ಇಲ್ಲ. ಗ್ಯಾಸ್ಕೆಟ್ ಬದಲಾಯಿಸ್ತೀವಿ.

ಸದ್ದು ಕಮ್ಮಿ ಮಾಡಿದರೆ ಸಾಕೇ?

ಯಂತ್ರ ಕೂಗಿದ ಕೂಡಲೇ ಹೆಚ್ಚಿನವರು ಒಂದು ಕೆಲಸ ಮಾಡ್ತಾರೆ. ಸದ್ದು ಕಮ್ಮಿ ಮಾಡ್ತಾರೆ. ಸಿಳ್ಳೆ ನಿಲ್ಲುತ್ತೆ. ಎಲ್ಲರಿಗೂ ನೆಮ್ಮದಿ. ಆದರೆ ಮಗುವಿಗೆ?

ಮಗುವಿಗೆ ಎಷ್ಟು ಸದ್ದು ಬೇಕು ಅಂತ ಪರೀಕ್ಷೆ ಮಾಡಿ ಯಂತ್ರ ಹೊಂದಿಸಿರುತ್ತಾರೆ. ಅದನ್ನು ಕಮ್ಮಿ ಮಾಡಿದರೆ ಮಗುವಿಗೆ ಮಾತು ಅರ್ಧಂಬರ್ಧ ಕೇಳುತ್ತೆ. 'ಸ', 'ಶ', 'ಫ' ಇಂಥ ಮೆಲುದನಿಗಳು ಕೇಳುವುದೇ ಇಲ್ಲ. ಕಿವಿಯ ಮೇಲೆ ಯಂತ್ರ ಇದೆ, ಕಿವಿಯೊಳಗೆ ಮಾತು ಇಲ್ಲ. ಎಳೆಯ ಮಕ್ಕಳು ಕೇಳಿ ಕೇಳಿಯೇ ಮಾತು ಕಲಿಯುತ್ತವೆ. ಮೊದಲ ಮೂರು ವರ್ಷ ಬಹಳ ಮುಖ್ಯ. ಆ ವಯಸ್ಸಿನಲ್ಲಿ ಆರು ತಿಂಗಳು ಅರೆಬರೆ ಕೇಳಿದರೆ ಮಾತು ಅಷ್ಟು ಹಿಂದೆ ಬೀಳುತ್ತೆ.

ಈಗಿನ ಹೊಸ ಡಿಜಿಟಲ್ ಯಂತ್ರಗಳು ಸಿಳ್ಳೆಯನ್ನು ತಾವೇ ತಡೆಯಲು ನೋಡುತ್ತವೆ. ಒಳ್ಳೆಯದೇ. ಆದರೆ ಅಚ್ಚು ಬಹಳ ಸಡಿಲವಾದರೆ ಅವೂ ಸೋಲುತ್ತವೆ.

ಆದ್ದರಿಂದ ಸಿಳ್ಳೆಯನ್ನು ಅಡಗಿಸಬೇಡಿ. ಎಲ್ಲಿ ಸೋರುತ್ತಿದೆ ಅಂತ ಹುಡುಕಿ.

ಮನೆಯಲ್ಲೇ ಹುಡುಕುವುದು ಹೇಗೆ?

ಮೊದಲು, ಅಚ್ಚು ಸರಿಯಾಗಿ ಕೂತಿದೆಯಾ ನೋಡಿ. ಎಷ್ಟೋ ಸಲ ತೊಂದರೆ ಇಷ್ಟೇ ಇರುತ್ತೆ. ಅಚ್ಚನ್ನು ತೆಗೆದು ಮತ್ತೆ ಹಾಕಿ. ಒಂದು ಕೈಯಲ್ಲಿ ಕಿವಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ದಾರಿ ನೇರವಾಗುತ್ತೆ. ಇನ್ನೊಂದು ಕೈಯಲ್ಲಿ ಅಚ್ಚಿನ ಉದ್ದನೆಯ ತುದಿಯನ್ನು ಕಿವಿಯ ತೂತಿಗೆ ಇಡಿ. ಸ್ವಲ್ಪ ತಿರುಗಿಸುತ್ತಾ ಒಳಗೆ ಕೂರಿಸಿ. ಅಚ್ಚಿನ ಮೇಲ್ಭಾಗವನ್ನು ಕಿವಿಯ ಮಡಿಕೆಯೊಳಗೆ ಸೇರಿಸಿ. ಈ ಮೇಲ್ಭಾಗ ಹೊರಗೆ ಉಳಿದರೆ ಸಿಳ್ಳೆ ಖಂಡಿತ. ಎಡ ಬಲ ಅದಲು ಬದಲಾಗಿದೆಯಾ, ಅದನ್ನೂ ನೋಡಿ. ಅಚ್ಚಿನ ಮೇಲೆ ಅಥವಾ ಯಂತ್ರದ ಮೇಲೆ ಬಣ್ಣದ ಗುರುತು ಇರುತ್ತೆ. ಕೆಂಪು ಬಲಗಿವಿಗೆ. ನೀಲಿ ಎಡಗಿವಿಗೆ.

ಎರಡನೆಯದು ಗುಗ್ಗೆ. ಅಚ್ಚಿನ ತೂತಿನಲ್ಲಿ ಗುಗ್ಗೆ ಇದೆಯಾ ನೋಡಿ. ಕಿವಿಯೊಳಗೇ ಗುಗ್ಗೆ ತುಂಬಿದ್ದರೂ ಶಬ್ದ ಒಳಗೆ ಹೋಗದೆ ಹಿಂದಕ್ಕೆ ಬರುತ್ತೆ. ಅದನ್ನು ನೀವು ತೆಗೆಯಬೇಡಿ. ಪಿನ್ನು, ಕಡ್ಡಿ ಏನೂ ಹಾಕಬೇಡಿ. ಎಣ್ಣೆ ಬಿಡಬೇಡಿ. ಡಾಕ್ಟರ ಹತ್ತಿರ ತೆಗೆಸಿ.

ಮೂರನೆಯದು ಹೆಬ್ಬೆರಳ ಪರೀಕ್ಷೆ. ಇದನ್ನು ಎಲ್ಲರೂ ಕಲಿಯಬೇಕು. ಬಹಳ ಸುಲಭ.

ಅಚ್ಚು ಸಮೇತ ಯಂತ್ರವನ್ನು ಕಿವಿಯಿಂದ ತೆಗೆಯಿರಿ. ಆನ್ ಇರಲಿ. ಕೈಯಲ್ಲಿ ಹಿಡಿದರೆ ಅದು ಕೂಗುತ್ತೆ. ಅದು ಸಹಜ. ಈಗ ಅಚ್ಚಿನ ತುದಿಯ ತೂತನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ.

ಸಿಳ್ಳೆ ನಿಂತಿತಾ? ಹಾಗಾದರೆ ಯಂತ್ರ ಚೆನ್ನಾಗಿದೆ. ಟ್ಯೂಬೂ ಚೆನ್ನಾಗಿದೆ. ಕಿವಿಗೂ ಅಚ್ಚಿಗೂ ನಡುವೆ ಸಂದು ಇದೆ, ಇಲ್ಲವೇ ಕಿವಿಯಲ್ಲಿ ಗುಗ್ಗೆ ಇದೆ.

ಸಿಳ್ಳೆ ನಿಲ್ಲಲಿಲ್ಲವಾ? ಹಾಗಾದರೆ ಟ್ಯೂಬನ್ನು ಕೊಕ್ಕೆಯಿಂದ ಮೆಲ್ಲಗೆ ಬಿಡಿಸಿ. ಅಚ್ಚು, ಟ್ಯೂಬು ಎರಡೂ ಬೇರೆಯಾಯಿತು. ಈಗ ಕೊಕ್ಕೆಯ ತೂತನ್ನು ಬೆರಳಿನಿಂದ ಮುಚ್ಚಿ. ಈಗ ನಿಂತರೆ ಟ್ಯೂಬಿನಲ್ಲಿ ಬಿರುಕು ಇದೆ, ಇಲ್ಲವೇ ಅಚ್ಚು ಸೀಳಿದೆ. ಈಗಲೂ ನಿಲ್ಲದಿದ್ದರೆ ತೊಂದರೆ ಕೊಕ್ಕೆಯಲ್ಲಿ ಅಥವಾ ಯಂತ್ರದಲ್ಲಿದೆ. ರಿಪೇರಿಗೆ ಕೊಡಬೇಕು.

ನೋಡಿ, ಒಂದು ಹೆಬ್ಬೆರಳು ಸಾಕು. ಆಸ್ಪತ್ರೆಗೆ ಹೋದಾಗ "ಯಂತ್ರ ಸರಿ ಇಲ್ಲ" ಅಂತ ಮಾತ್ರ ಹೇಳಬೇಡಿ. "ಅಚ್ಚಿನ ತೂತು ಮುಚ್ಚಿದರೆ ನಿಲ್ಲುತ್ತೆ, ಕಿವಿಗೆ ಹಾಕಿದರೆ ಕೂಗುತ್ತೆ" ಅಂತ ಹೇಳಿ. ನಿಮ್ಮ ಮಾತಿಗೆ ತೂಕ ಬರುತ್ತೆ. ಕೆಲಸವೂ ಬೇಗ ಆಗುತ್ತೆ.

ಟ್ಯೂಬಿನ ಕತೆ

ಟ್ಯೂಬು ಹೊಸದರಲ್ಲಿ ಮೆತ್ತಗೆ, ಬೆಳ್ಳಗೆ ಇರುತ್ತೆ. ಬರ್ತಾ ಬರ್ತಾ ಹಳದಿಯಾಗುತ್ತೆ. ಬಿರುಸಾಗುತ್ತೆ. ಕುಗ್ಗಿ ಗಿಡ್ಡವಾಗುತ್ತೆ. ಗಿಡ್ಡ ಟ್ಯೂಬು ಅಚ್ಚನ್ನು ಕಿವಿಯಿಂದ ಮೇಲಕ್ಕೆ ಎಳೆಯುತ್ತೆ. ಆಗ ಸಂದು ಬಿಟ್ಟು ಕೂಗುತ್ತೆ. ಮೂರರಿಂದ ಆರು ತಿಂಗಳಿಗೆ ಒಮ್ಮೆ ಟ್ಯೂಬು ಬದಲಾಯಿಸಬೇಕು. ಕಡಿಮೆ ಖರ್ಚಿನ ಕೆಲಸ. ಕೆಲವೇ ನಿಮಿಷ ಸಾಕು.

ಬೆವರು, ಮಳೆಗಾಲದ ತೇವ ಟ್ಯೂಬಿನಲ್ಲಿ ಹನಿಯಾಗಿ ನಿಲ್ಲುತ್ತೆ. ಆಗ ಶಬ್ದ ಬಂದು ಬಂದು ಹೋಗುತ್ತೆ. ಗಾಳಿ ಊದುವ ರಬ್ಬರ್ ಬುಗ್ಗೆ ಸಿಗುತ್ತೆ. ಟ್ಯೂಬನ್ನು ಯಂತ್ರದಿಂದ ಬಿಡಿಸಿ, ಅದರಿಂದ ಊದಿ ಹನಿ ತೆಗೆಯಿರಿ.

ಮಗು ಬೆಳೆಯುತ್ತೆ, ಕಿವಿಯೂ ಬೆಳೆಯುತ್ತೆ

ಮಗುವಿಗೆ ಹಾಕಿದ ಬಳೆ ಒಂದು ವರ್ಷದಲ್ಲಿ ಬಿಗಿಯಾಗುತ್ತೆ. ಕೈ ಬೆಳೆಯಿತು ಅಂತ ನಮಗೆ ಸಂತೋಷ. ಕಿವಿಯೂ ಹಾಗೇ ಬೆಳೆಯುತ್ತೆ. ಆದರೆ ಅಚ್ಚು ಬಿಗಿಯಾಗುವುದಿಲ್ಲ, ಸಡಿಲವಾಗುತ್ತೆ. ಯಾಕೆಂದರೆ ಕಿವಿಯ ತೂತು ದೊಡ್ಡದಾಗಿದೆ. ಅಚ್ಚು ಇದ್ದಷ್ಟೇ ಇದೆ.

ಎಳೆಕೂಸಿಗೆ ಒಂದೆರಡು ತಿಂಗಳಿಗೇ ಹೊಸ ಅಚ್ಚು ಬೇಕಾಗಬಹುದು. ಮೂರು ವರ್ಷದ ಒಳಗಿನ ಮಕ್ಕಳಿಗೆ ಸುಮಾರು ಮೂರರಿಂದ ಆರು ತಿಂಗಳಿಗೆ ಒಮ್ಮೆ ಬೇಕಾಗುತ್ತೆ. ಶಾಲೆಗೆ ಹೋಗುವ ಮಕ್ಕಳಿಗೆ ಆರು ತಿಂಗಳಿಂದ ಒಂದು ವರ್ಷ. ದೊಡ್ಡವರಿಗೆ ಕೆಲವು ವರ್ಷ ಬಾಳಿಕೆ ಬರುತ್ತೆ.

"ಅಯ್ಯೋ, ಮೊನ್ನೆ ತಾನೇ ಮಾಡಿಸಿದ್ದು. ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ" ಅಂತ ಮನೆಯಲ್ಲಿ ತಾಯಿಯನ್ನೇ ಬಯ್ಯುತ್ತಾರೆ. ಇದು ತಾಯಿಯ ತಪ್ಪಲ್ಲ. ಮಗುವಿನ ತಪ್ಪೂ ಅಲ್ಲ. ಮಗು ಬೆಳೆದಿದೆ ಅಷ್ಟೇ. ಯಜಮಾನರಿಗೂ, ಅತ್ತೆ ಮಾವನಿಗೂ ಈ ಮಾತು ಓದಿ ಹೇಳಿ. ಯಂತ್ರದ ಬೆಲೆಗೆ ಹೋಲಿಸಿದರೆ ಅಚ್ಚಿನ ಬೆಲೆ ಬಹಳ ಕಡಿಮೆ. ಹಳೇ ಅಚ್ಚು ಇಟ್ಟುಕೊಂಡು ಬೆಲೆಬಾಳುವ ಯಂತ್ರವನ್ನು ಟ್ರಂಕಿಗೆ ಹಾಕಿದರೆ ನಷ್ಟ ಯಾರಿಗೆ?

ವಯಸ್ಸಾದವರ ಕಿವಿಯೂ ಬದಲಾಗುತ್ತೆ. ಮೈ ಇಳಿದರೆ ಅಚ್ಚು ಸಡಿಲವಾಗಬಹುದು. ಹಲ್ಲು ಸೆಟ್ಟು ಹಾಕಿಸಿದರೆ ದವಡೆ ಕೂರುವ ರೀತಿ ಬೇರೆಯಾಗುತ್ತೆ. ಊಟ ಮಾಡುವಾಗ ದವಡೆಯ ಜೊತೆ ಕಿವಿಯ ದಾರಿಯೂ ಅಲುಗುತ್ತೆ. ಅದಕ್ಕೇ ಕೆಲವರಿಗೆ ಊಟದ ಹೊತ್ತಿನಲ್ಲೇ ಸಿಳ್ಳೆ. ಕೆಲವರಿಗೆ ಬೆರಳು ನೋವು. ಅಚ್ಚನ್ನು ಪೂರ್ತಿ ಕೂರಿಸಲು ಆಗುವುದಿಲ್ಲ. ಅಂಥವರಿಗೆ ಬೆಳಿಗ್ಗೆ ನೀವೇ ಹಾಕಿಕೊಡಿ.

ಇನ್ನೊಂದು ಮಾತು. ಶಾಲು ಹೊದ್ದಾಗ, ಸೆರಗು ಎಳೆದುಕೊಂಡಾಗ, ದಿಂಬಿಗೆ ಒರಗಿದಾಗ ಸ್ವಲ್ಪ ಸಿಳ್ಳೆ ಬರುವುದು ಸಹಜ. ಮಗುವಿಗೆ ಹಾಲು ಕುಡಿಸುವಾಗಲೂ ಬರಬಹುದು. ಮಗುವನ್ನು ಸ್ವಲ್ಪ ಬದಿಗೆ ತಿರುಗಿಸಿಕೊಳ್ಳಿ. ಸಿಳ್ಳೆಗೆ ಹೆದರಿ ಮಗುವನ್ನು ಅಪ್ಪಿಕೊಳ್ಳುವುದು ಬಿಡಬೇಡಿ.

ಅಚ್ಚು ನೋಯಿಸಿದರೆ?

ಅಚ್ಚು ಸಡಿಲವಾದರೆ ಕೂಗುತ್ತೆ. ಎಲ್ಲಾದರೂ ಒತ್ತಿದರೆ ನೋಯುತ್ತೆ. ಮಗು ಪದೇ ಪದೇ ಯಂತ್ರ ಕಿತ್ತು ಎಸೆದರೆ ಬಯ್ಯಬೇಡಿ. ಮೊದಲು ಕಿವಿ ನೋಡಿ. ಕೆಂಪಾಗಿದೆಯಾ? ಹುಣ್ಣಾಗಿದೆಯಾ? ಹಾಗಿದ್ದರೆ ಬಲವಂತ ಮಾಡದೆ ಬೇಗ ತೋರಿಸಿ. ಕಿವಿ ಸೋರುತ್ತಿದ್ದರೆ ಅಚ್ಚು ಹಾಕಬೇಡಿ. ಡಾಕ್ಟರಿಗೆ ತೋರಿಸಿ.

ಬ್ಲೇಡಿನಿಂದ ಅಚ್ಚು ಹೆರೆಯಬೇಡಿ. ಒಂದು ಎಳೆ ಜಾಸ್ತಿ ಹೋದರೂ ಅಲ್ಲಿಂದಲೇ ಶಬ್ದ ಸೋರುತ್ತೆ. ಗಟ್ಟಿ ಅಚ್ಚಾದರೆ ಒತ್ತುವ ಜಾಗವನ್ನು ಯಂತ್ರದಲ್ಲಿ ಉಜ್ಜಿ ಸರಿ ಮಾಡಿಕೊಡ್ತಾರೆ. ಚಿಕ್ಕ ಮಕ್ಕಳಿಗೆ ಮೆತ್ತನೆ ಅಚ್ಚು ಒಳ್ಳೆಯದು. ಕೇಳಿ ಮಾಡಿಸಿಕೊಳ್ಳಿ.

ಕೆಲವು ಅಚ್ಚುಗಳಲ್ಲಿ ಎರಡು ತೂತು ಇರುತ್ತೆ. ಒಂದು ಶಬ್ದಕ್ಕೆ, ಇನ್ನೊಂದು ಗಾಳಿ ಆಡಲಿಕ್ಕೆ. ಗಾಳಿ ತೂತಿನಿಂದಲೂ ಶಬ್ದ ಸೋರಬಹುದು. ಹಾಗಂತ ಗೋಂದು, ಮೇಣ ಹಾಕಿ ನೀವೇ ಮುಚ್ಚಬೇಡಿ. ಮಾಡಿದವರಿಗೇ ತೋರಿಸಿ. ಅವರು ತೂತನ್ನು ಚಿಕ್ಕದು ಮಾಡ್ತಾರೆ.

ತೊಳೆಯುವುದು ಹೇಗೆ?

ದಿನಾ ರಾತ್ರಿ ಅಚ್ಚನ್ನು ಒಣ ಬಟ್ಟೆಯಲ್ಲಿ ಒರೆಸಿ. ವಾರಕ್ಕೊಮ್ಮೆ ಕೊಕ್ಕೆಯಿಂದ ಟ್ಯೂಬು ಬಿಡಿಸಿ ಅಚ್ಚನ್ನು ತೊಳೆಯಿರಿ. ಉಗುರು ಬೆಚ್ಚಗಿನ ನೀರು, ಸ್ವಲ್ಪ ಮೆದು ಸೋಪು ಸಾಕು. ಕುದಿಯುವ ನೀರು ಬೇಡ. ರಾತ್ರಿಯಿಡೀ ನೆರಳಿನಲ್ಲಿ ಒಣಗಲಿ. ಒಲೆಯ ಹತ್ತಿರ ಇಡಬೇಡಿ. ಬೆಳಿಗ್ಗೆ ಟ್ಯೂಬಿನಲ್ಲಿ ನೀರಿಲ್ಲ ಅಂತ ನೋಡಿ ಜೋಡಿಸಿ. ಯಂತ್ರಕ್ಕೆ ಮಾತ್ರ ಒಂದು ಹನಿ ನೀರೂ ತಾಗಬಾರದು.

ಯಂತ್ರದ ಸೆಲ್ಲು ಗುಂಡಿಯಷ್ಟು ಚಿಕ್ಕದು. ಮಕ್ಕಳು ನುಂಗಿದರೆ ಪ್ರಾಣಕ್ಕೆ ಅಪಾಯ. ಹಳೇ ಸೆಲ್ಲನ್ನೂ ಕೈಗೆ ಸಿಗದ ಹಾಗೆ ಇಡಿ. ನುಂಗಿದ ಅನುಮಾನ ಬಂದರೂ ಸಾಕು, ಕೂಡಲೇ ಆಸ್ಪತ್ರೆಗೆ ಓಡಿ.

ಎಲ್ಲಿಗೆ ಹೋಗಬೇಕು?

ನಿಮ್ಮ ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಹೋಗಿ ಕೇಳಿ. ಕಿವುಡು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲಿ ಶುರುವಾಯಿತು. ಜಿಲ್ಲೆಗಳಲ್ಲೇ ಕಿವಿ ಪರೀಕ್ಷೆ ಸಿಗಬೇಕು ಅನ್ನುವುದು ಅದರ ಉದ್ದೇಶ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿ ಕಿವಿ ಪರೀಕ್ಷೆ ಮಾಡ್ತಾರೆ, ಅಚ್ಚು ಮಾಡಿಕೊಡ್ತಾರೆ, ಮಕ್ಕಳಿಗೆ ಮಾತು ಕಲಿಸ್ತಾರೆ. ಬಡವರಿಗೆ ಇಂಥ ಸಾಧನ ಕೊಡುವ ಕೇಂದ್ರ ಸರ್ಕಾರದ ಯೋಜನೆ 1981ರಿಂದ ಇದೆ. ಅದರ ಹೆಸರು ಎಡಿಪ್.

ಶಿಬಿರದಲ್ಲಿ ಯಂತ್ರ ಕೊಟ್ಟರೆ ಸುಮ್ಮನೆ ತಂದುಬಿಡಬೇಡಿ. ಮೂರು ಪ್ರಶ್ನೆ ಕೇಳಿ. ನಮ್ಮ ಕಿವಿಯ ಅಳತೆಯ ಅಚ್ಚು ಸಿಗುತ್ತಾ? ಕೂಗಿದರೆ ಎಲ್ಲಿಗೆ ಬರಬೇಕು? ಮುಂದಿನ ಅಚ್ಚು ಯಾವಾಗ?

ಹೊಸ ಅಚ್ಚು ಹಾಕಿದ ದಿನ ಬಸ್ಸಿಗೆ ಹೊತ್ತಾಯಿತು ಅಂತ ಓಡಬೇಡಿ. ಅಲ್ಲೇ ಮಗುವಿಗೆ ಬಿಸ್ಕತ್ತು ತಿನ್ನಿಸಿ. ತಲೆ ಆಡಿಸಲಿ. ನಗಲಿ. ಮಲಗಿಸಿ ನೋಡಿ. ಕೂಗಿದರೆ ಅಲ್ಲೇ ಹೇಳಿ. ಅಳತೆ ಸರಿ ಬಾರದಿದ್ದರೆ ಮತ್ತೆ ಅಳತೆ ತೆಗೆಯಬೇಕು. ಅದನ್ನು ಕೇಳಲು ಸಂಕೋಚ ಬೇಡ. ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತೀರಿ. ಕೆಲಸ ಪೂರ್ತಿ ಮಾಡಿಸಿಕೊಂಡೇ ಹೋಗಿ.

ಈಗ ನಿಮ್ಮ ಕೈಯಲ್ಲಿ ಪೆನ್ಸಿಲ್ ಇದೆ

ನೀವು ಈಗ ಓದಲು, ಬರೆಯಲು ಕಲಿತಿದ್ದೀರಿ. ಒಂದು ಚಿಕ್ಕ ಪುಸ್ತಕ ಇಡಿ. ಅದರಲ್ಲಿ ನಾಲ್ಕು ಸಾಲು ಬರೆಯಿರಿ. ಅಚ್ಚು ಮಾಡಿಸಿದ ತಾರೀಕು. ಟ್ಯೂಬು ಬದಲಾಯಿಸಿದ ತಾರೀಕು. ಸಿಳ್ಳೆ ಶುರುವಾದ ತಾರೀಕು. ಹೆಬ್ಬೆರಳ ಪರೀಕ್ಷೆಯಲ್ಲಿ ಕಂಡದ್ದು. ಈ ಪುಸ್ತಕ ತಂದು ತೋರಿಸಿದರೆ ನಮಗೆ ತೊಂದರೆ ಏನೆಂದು ಬೇಗ ತಿಳಿಯುತ್ತೆ. ನಿಮ್ಮ ಮನೆಯಲ್ಲಿ ಯಂತ್ರ ಹಾಕುವವರು ಇಲ್ಲದಿರಬಹುದು. ಪಕ್ಕದ ಮನೆಯಲ್ಲಿ ಇರಬಹುದು. ಅವರ ಟ್ರಂಕಿನಲ್ಲಿ ಒಂದು ಯಂತ್ರ ಮಲಗಿರಬಹುದು. ಹೋಗಿ, ಈ ಪಾಠ ಓದಿ ಹೇಳಿ. ಹೆಬ್ಬೆರಳ ಪರೀಕ್ಷೆ ಮಾಡಿ ತೋರಿಸಿ.

ಸಿಳ್ಳೆ ಅಂದರೆ ಯಂತ್ರ ಸತ್ತಿದೆ ಅಂತಲ್ಲ. ಎಲ್ಲೋ ಶಬ್ದ ಸೋರುತ್ತಿದೆ, ನೋಡಿ ಅಂತ ಅದು ನಮ್ಮನ್ನು ಕರೆಯುತ್ತಿದೆ.

ಕೂಡಿ ಮಾತಾಡಿ:
1. ಕಿವಿ ಯಂತ್ರ ಯಾಕೆ ಕೂಗುತ್ತದೆ?
2. ಸದ್ದು ಕಮ್ಮಿ ಮಾಡಿದರೆ ಮಗುವಿಗೆ ಏನು ನಷ್ಟ?
3. ಹೆಬ್ಬೆರಳ ಪರೀಕ್ಷೆ ಹೇಗೆ ಮಾಡುತ್ತಾರೆ?
4. ನಿಮ್ಮ ಊರಿನಲ್ಲಿ ಯಾರ ಯಂತ್ರ ಬಳಸದೆ ಬಿದ್ದಿದೆ? ಯಾಕೆ?